ಹೂಜಿಯ ಮೇಲಿನ ಹೆಸರು

ಹಳೆಯ ವಸ್ತುಗಳನ್ನು ಕೂಡಿಡುವವರಲ್ಲಿ ಜಪಾನಿನ ಸಾಕೆ ಹೂಜಿಗಳಿಗೆ ಮರುಳಾದವರದೇ ಒಂದು ಪಂಗಡ. ಅಕ್ಕಿಯ ಮದ್ಯವಾದ ಸಾಕೆಯನ್ನು ತುಂಬುವ, ಕಿರಿದು ಕೊರಳಿನ ಈ ಮಣ್ಣಿನ ಪಾತ್ರೆಗೆ ಅಲ್ಲಿ ತೊಕ್ಕುರಿ ಎಂದು ಹೆಸರು. (ನಾನು ಮದ್ಯ ಮುಟ್ಟಿದವನಲ್ಲ, ಹೂಜಿಯ ಮಾತಾಡಲು ಅದು ಅಡ್ಡಿಯಾಗಲಾರದೆಂದು ನಂಬಿದ್ದೇನೆ.) ಈ ಮಹನೀಯರಿಗೆ ಬಿಜೆನ್‌ನ ಮೆರುಗು ಬಳಿಯದ ಕೆಂಗಂದು ತೊಕ್ಕುರಿ ಬೇಕು, ತಾಂಬಾದ್ದು ಬೇಕು; ಜೊತೆಗೊಂದು ಮರದ ಪೆಟ್ಟಿಗೆ, ಅದರ ಮೇಲೆ ಬಲ್ಲವರ ಕೈಬರಹವಿದ್ದರೆ ಇನ್ನೂ ಲೇಸು. ಆದರೆ ಅಂಗಡಿಯ ಹೆಸರನ್ನು ಹೊಟ್ಟೆಯ ಮೇಲೆ ದಪ್ಪಕ್ಷರಗಳಲ್ಲಿ ಹೊತ್ತ ಹೂಜಿ ಕಂಡರೆ, ಬರಿಯ ಜಾಹೀರಾತೆಂದು ಮೂಗು ಮುರಿಯುವವರು ಇವರಲ್ಲಿ ಉಂಟು. ನನ್ನ ತಕರಾರು ಆ ಮೂಗಿನ ಮೇಲೆ.

ಆ ಹೂಜಿ ಕೊಂಡವನದಲ್ಲ, ಅಂಗಡಿಯದು. ಎಡೊ ಕಾಲದ ಉತ್ತರಾರ್ಧದಿಂದ ಹಿಡಿದು ಗಾಜಿನ ಸೀಸೆ ಹರಡುವ ತನಕ ವ್ಯಾಪಾರಿ ಪೀಪಾಯಿಯಿಂದ ಸಾಕೆ ಅಳೆದು ಇದರಲ್ಲಿ ತುಂಬಿ ಕೊಡುತ್ತಿದ್ದ. ಬರಿದಾದದ್ದು ಮತ್ತೆ ಅಂಗಡಿಗೆ ಬರುತ್ತಿತ್ತು. ಹೋಗಿ ಬರುವುದೇ ಕಸುಬಾದ್ದರಿಂದ ಇದು ಕಯೊಯಿ ತೊಕ್ಕುರಿ, ಎಂದರೆ ಓಡಾಡುವ ಹೂಜಿ. ಚೂರುಪಾರು ಕೊಳ್ಳುವವರ ಕೈಯದೆಂದು 'ಬಡವರ ತೊಕ್ಕುರಿ' ಎಂಬ ಅಡ್ಡಹೆಸರೂ ಬಂತು. ಇಂದಿನ ಗಿಫು ಪ್ರಾಂತದ ತಕಾತಾದ ಆವಿಗೆಗಳು ಇವನ್ನು ರಾಶಿರಾಶಿಯಾಗಿ ಸುಟ್ಟವು. ಟೋಕಿಯೋದಲ್ಲಿ ಎಡೊ ಕಾಲದ ನೆಲೆಗಳನ್ನು ಅಗೆದಾಗ, ಮೊಳೆಯಂಥ ಮೊನೆಯಿಂದ ಅಂಗಡಿಯ ಗುರುತು ಕೊರೆದ ಹೂಜಿಗಳು ಸಿಕ್ಕಿವೆ. ಮುಂದೆ ಕಬ್ಬಿಣದ ಬಣ್ಣದಲ್ಲಿ ಊರು, ಅಂಗಡಿ, ಕೆಲವುದರಲ್ಲಿ ಟೆಲಿಫೋನ್ ಸಂಖ್ಯೆಯನ್ನು ಸಹ ಬರೆದರು.

ಶಾಸನವೊಂದರಲ್ಲಿ ಹಳ್ಳಿಯ ಹೆಸರು ಸಿಕ್ಕರೆ ಕುಣಿದಾಡುವ ಕನ್ನಡದ ಮೇಷ್ಟರು ನಾವು. ಒಂದು ಬೀದಿ, ಒಬ್ಬ ವ್ಯಾಪಾರಿ, ಮನೆಮನೆಗೆ ಸಾಗಿದ ಒಂದು ನಂಬಿಕೆ ಇಷ್ಟನ್ನೂ ಮೈಮೇಲೆ ಬರೆದುಕೊಂಡ ಪಾತ್ರೆಯನ್ನು ಬೇಡವೆನ್ನುವುದು ಯಾವ ರಸಿಕತೆ?

ಕೂಡಿಡುವವರು ಇಲ್ಲದಿದ್ದರೆ ಇವೆಲ್ಲ ತಿಪ್ಪೆ ಸೇರುತ್ತಿದ್ದವೆಂದು ಅವರು ಹೇಳಬಹುದು. ಒಪ್ಪಿದೆ. ಯಾನಾಗಿ ಮುನೆಯೊಶಿ 1936ರಲ್ಲಿ ಟೋಕಿಯೋದಲ್ಲಿ ಜನಪದ ಕರಕುಶಲ ಸಂಗ್ರಹಾಲಯವನ್ನು ತೆರೆದದ್ದೂ ಹೆಸರಿಲ್ಲದ ಕುಶಲಿಗಳ ದಿನಬಳಕೆಯ ಸಾಮಾನಿಗಾಗಿಯೇ. ಆದರೆ ಆ ಯಾನಾಗಿಯವರ ಮಾತನ್ನೇ ಬಾಯಲ್ಲಿ ಆಡುತ್ತ, ಕುಂಬಾರನ ಹೆಸರಿಲ್ಲದ್ದು ಚೆಲುವು, ಅಂಗಡಿಯ ಹೆಸರಿದ್ದದ್ದು ಕೊಳಕು ಎಂದರೆ ಹೇಗೆ? ಬಳಕೆಯನ್ನು ಹೊಗಳಿ, ಬಳಕೆಯ ಗುರುತಿಗೆ ಹೇಸಿದಂತಾಯಿತು.

ಅಂಥದೊಂದು ಹೂಜಿ ಕೈಗೆ ಬಂದರೆ ಬರಹವನ್ನು ಗೋಡೆಯ ಕಡೆ ತಿರುಗಿಸಿ ಇಡಬೇಡಿ. ಬಲ್ಲವರಿಂದ ಓದಿಸಿ, ಆ ಊರು ನಕ್ಷೆಯಲ್ಲಿ ಎಲ್ಲಿದೆಯೆಂದು ಹುಡುಕಿ. ಬೆಲೆಯ ಮಾತನ್ನು ಆಮೇಲೆ ಆಡೋಣ.