ಅಧಿಕಪ್ರಸಂಗಿ ಅಂದ್ರೆ ಯಾರು?

(1/5)
ಏಳನೇ ಕ್ಲಾಸಲ್ಲಿ ಬರೆದ ಪ್ರಬಂಧ ನೆನಪು ಮಾಡ್ಕೊಳ್ಳಿ. ‘ಮೊಬೈಲ್: ವರವೋ, ಶಾಪವೋ?’ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಕೊನೇ ಸಾಲು ನಾನೇ ಹೇಳ್ಲಾ? ‘ಮಿತವಾಗಿ ಬಳಸಿದರೆ ವರ, ಅತಿಯಾದರೆ ಶಾಪ.’ ಇಡೀ ಕ್ಲಾಸು ಇದನ್ನೇ ಬರೆದಿತ್ತು, ಯಾಕಂದ್ರೆ ಗೈಡಲ್ಲಿ ಇದೇ ಇತ್ತು. ಎಷ್ಟು ಅಂದ್ರೆ ಮಿತ? ಯಾರಿಗೆ ಶಾಪ? ಯಾರೂ ಕೇಳಲಿಲ್ಲ. ಪ್ರಶ್ನೆಗೆ ಉತ್ತರ ಕೊಡದೆ ಜಾರಿಕೊಂಡ್ವಿ, ಮಾರ್ಕ್ಸೂ ಬಂತು.

ನಮಗೆ ಪ್ರಬಂಧ ಕಲಿಸಿದ್ರು. ವಾದ ಕಲಿಸಲಿಲ್ಲ.

(2/5)
ನಮ್ಮಲ್ಲಿ ‘ವಾದ ಮಾಡ್ಬೇಡ’ ಅನ್ನೋದೇ ಬೈಗುಳ. ‘ಯಾಕೆ ಸರ್?’ ಅಂದ ಹುಡುಗಿ ಅಧಿಕಪ್ರಸಂಗಿ. ಸುಮ್ಮನೆ ಕೂತವಳು ಒಳ್ಳೇ ಹುಡುಗಿ.

‘ಆ ವಯಸ್ಸಿಗೆ ವಾದ ಎಲ್ಲಿ ಅರ್ಥ ಆಗುತ್ತೆ?’ ಅಂತಾರೆ. ಒಂದ್ಸಲ ಗಲ್ಲಿ ಕ್ರಿಕೆಟ್ ನೋಡಿ. ‘ಔಟ್! ಬ್ಯಾಟಿಗೆ ತಾಗಿದ ಸದ್ದು ಕೇಳಿಸ್ತು.’ ‘ಅದು ಬ್ಯಾಟ್ ನೆಲಕ್ಕೆ ತಾಗಿದ ಸದ್ದು ಕಣೋ.’ ನಿಲುವು, ಪುರಾವೆ, ಎದುರುವಾದ, ಎಲ್ಲಾ ಇದೆ. ಹನ್ನೆರಡು ವರ್ಷದ ಮಕ್ಕಳಿಗೆ ವಾದ ಬರುತ್ತೆ. ಶಾಲೆ ಅದನ್ನ ಗೇಟಿನ ಹೊರಗೇ ಬಿಟ್ಟು ಬಾ ಅನ್ನುತ್ತೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಓದಿ. ಮಗು ಭಯವಿಲ್ಲದೆ ತನ್ನ ಅಭಿಪ್ರಾಯ ಹೇಳೋಕೆ ನೆರವಾಗಬೇಕು ಅಂತ ಅದರಲ್ಲಿದೆ. ಅದು ದಯೆ ಅಲ್ಲ, ಕಾನೂನು.

(3/5)
‘ಚರ್ಚಾಸ್ಪರ್ಧೆ ಇತ್ತಲ್ಲ?’ ಅಂತೀರಾ. ಇತ್ತು. ದೊಡ್ಡವರು ಬರೆದುಕೊಟ್ಟಿದ್ದನ್ನ ಬಾಯಿಪಾಠ ಮಾಡಿ, ಕೈ ಬೀಸಿ ಒಪ್ಪಿಸಿ ಬಂದ್ವಿ. ಎದುರಿನವರು ಏನಂದ್ರು ಅಂತ ಕೇಳಿಸ್ಕೊಂಡವರು ಯಾರು?

ವಾದ ಹೊರಗಿನಿಂದ ಬಂದ ಸರಕೂ ಅಲ್ಲ. ನಮ್ಮ ನ್ಯಾಯದರ್ಶನದ ಹಳೇ ಉದಾಹರಣೆ ಇದು: ಬೆಟ್ಟದಲ್ಲಿ ಬೆಂಕಿ ಇದೆ, ಯಾಕಂದ್ರೆ ಹೊಗೆ ಕಾಣ್ತಿದೆ, ಹೊಗೆ ಇರುವಲ್ಲಿ ಬೆಂಕಿ ಇರುತ್ತೆ, ಅಡುಗೆಮನೆಯ ಹಾಗೆ. ಪ್ರತಿಜ್ಞೆ, ಹೇತು, ಉದಾಹರಣೆ. ಜೊತೆಗೆ ಪೂರ್ವಪಕ್ಷ: ಎದುರಾಳಿಯ ಮಾತನ್ನ ಮೊದಲು ಸರಿಯಾಗಿ ಹೇಳು, ಆಮೇಲೆ ಉತ್ತರ ಕೊಡು. ಇಷ್ಟನ್ನ ಏಳನೇ ಕ್ಲಾಸಿಗೆ ಹೇಳಿಕೊಡೋಕೆ ಆಗಲ್ವಾ?

(4/5)
ಬಸ್ ಸೌಕರ್ಯಕ್ಕೆ ಡಿಪೋ ಮ್ಯಾನೇಜರ್‌ಗೆ ಅರ್ಜಿ. ಎಲ್ಲರೂ ಬರೆದಿದ್ದೀವಿ. ಇಂದ, ಗೆ, ಮಾನ್ಯರೇ, ವಿಷಯ, ‘ತುಂಬಾ ತೊಂದರೆಯಾಗುತ್ತಿದೆ’, ಇತಿ ತಮ್ಮ ವಿಶ್ವಾಸಿ. ನಮೂನೆ ಸರಿ ಇದ್ರೆ ಪೂರ್ತಿ ಮಾರ್ಕ್ಸ್. ಬಸ್ ಬರುತ್ತಾ ಅಂತ ಯಾರೂ ಕೇಳಲ್ಲ.

ಅದೇ ಅರ್ಜಿ ಹೀಗಿದ್ರೆ? ‘ಶಾಲೆ 9:30ಕ್ಕೆ ಶುರು. ಮೊದಲ ಬಸ್ 9:50ಕ್ಕೆ. ನಮ್ಮೂರಿನ 14 ಮಕ್ಕಳಿಗೆ ದಿನಾ ಮೊದಲ ಪೀರಿಯಡ್ ತಪ್ಪುತ್ತಿದೆ.’ ಈಗ ಪೂರ್ವಪಕ್ಷ: ‘ಆ ರೂಟಲ್ಲಿ ಕಲೆಕ್ಷನ್ ಇಲ್ಲ, ಇನ್ನೊಂದು ಬಸ್ ಕೊಡಕ್ಕಾಗಲ್ಲ.’ ಉತ್ತರ: ‘ಹೊಸ ಬಸ್ ಬೇಡ. ಇರೋದನ್ನೇ ಮುಕ್ಕಾಲು ಗಂಟೆ ಮೊದಲು ಬಿಡಿ.’ ನೋಡಿ, ಎದುರುವಾದ ಯೋಚಿಸಿದ ಕೂಡಲೇ ಬೇಡಿಕೆಯೇ ಬದಲಾಯ್ತು. ಇಂಥ ಅರ್ಜಿ ಹಿಡ್ಕೊಂಡು ಮಕ್ಕಳ ಗ್ರಾಮಸಭೆಗೆ ಹೋದ ಹುಡುಗಿಗೆ ‘ನೋಡೋಣ ಪುಟ್ಟಾ’ ಅಂತ ಹೇಳಿ ಕಳಿಸೋದು ಕಷ್ಟ.

(5/5)
ಈಗ ನನ್ನ ವಾದಕ್ಕೂ ಪೂರ್ವಪಕ್ಷ. ‘ಕ್ಲಾಸಲ್ಲಿ ಐವತ್ತು ಮಕ್ಕಳು, ಮುಗಿಸೋಕೆ ಪೋರ್ಷನ್, ಮೇಲೆ ಬೇರೆ ಡ್ಯೂಟಿ. ಇದನ್ನೆಲ್ಲ ತಿದ್ದೋರ್ಯಾರು?’ ಮೇಷ್ಟ್ರ ಈ ಮಾತು ನಿಜ. ಹಾಗಾಗಿ ನಾಲ್ಕು ಪುಟದ ಪ್ರಬಂಧ ಬೇಡ. ವಾರಕ್ಕೊಂದು ಪ್ಯಾರಾ ಸಾಕು. ಪಕ್ಕದವರ ಜೊತೆ ನೋಟ್ಸ್ ಬದಲಾಯಿಸ್ಕೊಂಡು, ಕಾರಣಕ್ಕೆ ಒಂದು ಗೆರೆ, ಪುರಾವೆಗೆ ಎರಡು ಗೆರೆ ಹಾಕಲಿ. ಗೆರೆ ಇಲ್ಲದ ಪ್ಯಾರಾ ತಾನೇ ಸಿಕ್ಕಿಬೀಳುತ್ತೆ.

ಆದ್ರೆ ಮೇಷ್ಟ್ರನ್ನ ಮಾತ್ರ ಬೈದು ನಾವು ತಪ್ಪಿಸ್ಕೊಳ್ಳೋ ಹಾಗಿಲ್ಲ. ತಂಗಿ ‘ಪ್ರಬಂಧ ಬರೆದುಕೊಡು’ ಅಂದಾಗ ಫೋನಲ್ಲಿ ಹುಡುಕಿ ಬರೆಸಿದ್ದು ಯಾರು? ನಾನೂ ಬರೆಸಿದ್ದೀನಿ. ನಾಳೆ ಅದೇ ತಂಗಿ ಫ್ಯಾಮಿಲಿ ಗ್ರೂಪಿಗೆ ಬಂದ ಫಾರ್ವರ್ಡ್ ನಂಬಿ ಪಕ್ಕದ ಮನೆಯವರನ್ನ ದ್ವೇಷಿಸಿದ್ರೆ, ಅದರಲ್ಲಿ ನಮ್ಮ ಪಾಲೂ ಇದೆ.

ಮುಂದಿನ ಸಲ ಬರೆದುಕೊಡಬೇಡಿ. ಮೂರೇ ಪ್ರಶ್ನೆ ಕೇಳಿ: ನೀನು ಏನಂತೀಯ? ಯಾಕೆ, ಏನು ಪುರಾವೆ? ಒಪ್ಪದವರು ಏನಂತಾರೆ? ಅವಳು ತಿರುಗಿ ನಿಮ್ಮನ್ನೇ ಪ್ರಶ್ನೆ ಮಾಡಿದ್ರೆ ‘ಅಧಿಕಪ್ರಸಂಗಿ’ ಅನ್ನಬೇಡಿ. ಉತ್ತರ ಕೊಡಿ.

ನನ್ನ ಮಾತು ಒಪ್ಪಲ್ವಾ? ಕಾಮೆಂಟ್‌ಗೆ ಬನ್ನಿ. ಕಾರಣದ ಜೊತೆ.

#ವಾದಮಾಡಿ #ಅಧಿಕಪ್ರಸಂಗಿ #ಕನ್ನಡ