ಸಕ್ಕರೆ ಸಚಿವರಿಗೆ, ರವದಿ ಹೊಗೆಯ ಊರಿನಿಂದ

ಮಾನ್ಯ ಸಕ್ಕರೆ ಸಚಿವರೇ,

ಹೊಗೆಯ ದೂರನ್ನು ಪರಿಸರ ಇಲಾಖೆಗೆ ಬರೆಯುವುದು ಬಿಟ್ಟು ನನಗೇಕೆ ಎಂದು ತಮಗೆ ಅನ್ನಿಸಬಹುದು. ಕಬ್ಬಿನ ಹೊಲಕ್ಕೆ ಕಡ್ಡಿ ಗೀರುವವನು ರೈತ, ನಿಜ. ಯಾವಾಗ ಗೀರಬೇಕೆಂದು ನಿಶ್ಚಯಿಸುವುದು ಮಾತ್ರ ಕಾರ್ಖಾನೆಯ ಕಟಾವು ಸರದಿ.

ನಾನು ಅಥಣಿ ತಾಲ್ಲೂಕಿನ ಕೃಷ್ಣಾ ದಂಡೆಯವನು. ಮೂರು ಎಕರೆ ಕಬ್ಬು. ಮೊದಲೇ ಹೇಳಿಬಿಡುತ್ತೇನೆ, ನಾನೂ ವರ್ಷಗಟ್ಟಲೆ ರವದಿ, ಅಂದರೆ ಕಬ್ಬಿನ ಒಣಸೋಗೆ, ಸುಟ್ಟವನೇ. ಕಟಾವು ಮುಗಿದ ಮೇಲೆ ಎಕರೆಗೆ ಮೂರು-ನಾಲ್ಕು ಟನ್ ರವದಿ ಬಿದ್ದಿರುತ್ತದೆ. ನೀರು ಸರಾಗ ಹರಿಯುವುದಿಲ್ಲ, ಕುಂಟೆ ಹೊಡೆಯಲಾಗುವುದಿಲ್ಲ, ಕುಳೆಯ ಚಿಗುರು ಮೇಲೇಳಲು ತಿಣುಕುತ್ತದೆ. ಒಂದು ಕಡ್ಡಿಗೆ ಹೊಲ ಸ್ವಚ್ಛ. ಆ ಬೆಂಕಿಯಲ್ಲಿ ರವದಿಯೊಳಗಿನ ಸಾರಜನಕವೂ ಹೋಯಿತು ಅನ್ನುವುದು ಯೂರಿಯಾ ಚೀಲ ಹೊರುವಾಗಲೂ ನೆನಪಾಗುವುದಿಲ್ಲ.

ಇನ್ನೊಂದು ಬೆಂಕಿ ಇದೆ, ನಿಂತ ಕಬ್ಬಿಗೇ ಹಚ್ಚುವುದು. ಸರದಿ ತಪ್ಪಿ ಕಬ್ಬು ಒಣಗತೊಡಗಿರುತ್ತದೆ. ಕಡಿಯುವ ಗ್ಯಾಂಗ್ ಸಿಗುವುದಿಲ್ಲ. ಸಿಕ್ಕರೆ ಅದರ ಮುಖಂಡ ಮುಕಾದಮ, "ಸುಟ್ಟು ಕೊಡ್ರಿ, ಲಗೂ ಕಡೀತೀವಿ" ಅನ್ನುತ್ತಾನೆ. ಅವನನ್ನೂ ದೂರುವಂತಿಲ್ಲ, ಎಲೆಯಂಚು ಕೈ ಕೊಯ್ಯುತ್ತದೆ, ಒಳಗೆ ಹಾವಿರುತ್ತವೆ. ಸುಟ್ಟ ಕಬ್ಬನ್ನು ಬೇಗ ನುರಿಸದಿದ್ದರೆ ಸಕ್ಕರೆ ಇಳಿಯುತ್ತದೆಂದು ಕಾರ್ಖಾನೆಯವರು ಅದನ್ನು ಬೇಗ ತರಿಸಿಕೊಳ್ಳುತ್ತಾರೆ, ಬಿಲ್ಲಿನಲ್ಲಿ ಕಡಿತವನ್ನೂ ಹಾಕುತ್ತಾರೆ. ಕಾಯಿಸಿ ಸುಡಿಸಿದವರೂ ಅವರೇ, ಸುಟ್ಟೆಯೇಕೆ ಅನ್ನುವವರೂ ಅವರೇ.

ಡಿಸೆಂಬರ್-ಜನವರಿಯ ಸಂಜೆ ಹೊಗೆ ಮೇಲೇರುವುದಿಲ್ಲ, ಬೆಳಗಿನ ತನಕ ಓಣಿಯಲ್ಲೇ ತಂಗುತ್ತದೆ. ಒಣಹಾಕಿದ ಬಟ್ಟೆಯ ಮೇಲೆ ಬಿದ್ದ ಕರಿ ಎಸಳನ್ನು ಹೆಂಗಸರು ಬೈಯುತ್ತ ಕೊಡವುತ್ತಾರೆ. ಕೊಡವಲು ಬರುವುದರಿಂದ ಅಷ್ಟು ಭಯವಿಲ್ಲ. ಕೂದಲ ದಪ್ಪದ ಸುಮಾರು ಮೂವತ್ತರಲ್ಲೊಂದು ಪಾಲು ಅಥವಾ ಅದಕ್ಕೂ ಸಣ್ಣದಾದ ಪಿಎಂ 2.5 ಕಣ ಶ್ವಾಸಕೋಶದ ತಳಕ್ಕಿಳಿದು ರಕ್ತಕ್ಕೂ ಸೇರುತ್ತದೆ. ದಮ್ಮು ಇದ್ದವರಿಗೆ ಅದು ಆ ರಾತ್ರಿಯೇ ಗೊತ್ತಾಗುತ್ತದೆ, ಹೃದಯಕ್ಕೆ ಬೀಳುವ ಪೆಟ್ಟು ವರ್ಷಗಳ ಮೇಲೆ. ಈ ಕಣದ ಒಂದು ದಿನದ ಸರಾಸರಿ ಘನ ಮೀಟರಿಗೆ 60 ಮೈಕ್ರೊಗ್ರಾಂ ದಾಟಬಾರದೆನ್ನುತ್ತದೆ ನಮ್ಮ ದೇಶದ ಮಾನದಂಡ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅಳೆಯುವ ಯಂತ್ರ ನಮ್ಮೂರಿಗೆ ಬಂದಿಲ್ಲ. ಈ ಹೊಗೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿಯುವವರು ಹೊಲದಂಚಿನ ಗುಡಿಸಲಲ್ಲಿ ಮಲಗುವ ಮಹಾರಾಷ್ಟ್ರದ ಬೀಡ್ ಕಡೆಯ ಕಟಾವಿನವರ ಮಕ್ಕಳು. ಅವರ ಕೆಮ್ಮನ್ನು ಲೆಕ್ಕಕ್ಕೆ ಹಿಡಿಯುವವರು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ದಂಡ ಹಾಕಿ ಎಂದು ನಾನು ಕೇಳುತ್ತಿಲ್ಲ. ದಿಲ್ಲಿಯ ಸುತ್ತಿನ ರಾಜ್ಯಗಳಲ್ಲಿ ಭತ್ತದ ಹುಲ್ಲು ಸುಟ್ಟರೆ 2024ರ ನವೆಂಬರಿನಿಂದ 5,000ದಿಂದ 30,000 ರೂಪಾಯಿವರೆಗೆ ದಂಡವಿದೆ. ಹಾಗೆಂದು ಹೊಗೆ ಪೂರ್ತಿ ನಿಂತಿಲ್ಲ. ಬ್ರೆಜಿಲ್‌ನ ಸಾವೊ ಪಾಲೊ ರಾಜ್ಯ ಕಬ್ಬು ಸುಡುವುದನ್ನು ಹಂತಹಂತವಾಗಿ ನಿಲ್ಲಿಸಲು 2002ರಲ್ಲಿ ಕಾನೂನು ತಂದಿತು. 2007ರಲ್ಲಿ ಕಾರ್ಖಾನೆಗಳೊಡನೆಯೇ ಒಪ್ಪಂದ ಮಾಡಿಕೊಂಡು, ಕಟಾವು ಯಂತ್ರ ಓಡಬಲ್ಲ ಹೊಲಗಳಿಗಿದ್ದ 2021ರ ಗಡುವನ್ನು 2014ಕ್ಕೆ ಇಳಿಸಿತು. (ಆ ಯಂತ್ರಗಳಿಂದ ಕೂಲಿ ಕಳೆದುಕೊಂಡವರ ಕತೆ ಬೇರೆ, ನಮ್ಮ ತುಂಡು ಹೊಲಗಳಿಗೆ ಅವು ಹೊಂದುವುದೂ ಕಷ್ಟ.) ನನಗೆ ಬೇಕಾದದ್ದು ಆ ಒಪ್ಪಂದದ ಮಾತು.

ಮೂರು ವರ್ಷದಿಂದ ಬಾಡಿಗೆಗೆ ರವದಿ ಪುಡಿ ಮಾಡುವ ಯಂತ್ರ ತರಿಸಿ, ಸಾಲಿನಲ್ಲಿ ಹೊದಿಸಿ, ಮೇಲೆ ಸಗಣಿ ರಾಡಿ ಚೆಲ್ಲುತ್ತಿದ್ದೇನೆ. ಬೇಸಿಗೆಯಲ್ಲಿ ನೀರು ತಡವಾದರೂ ನೆಲ ಹಸಿ ಇರುತ್ತದೆ. ಆದರೆ ಹಂಗಾಮಿನಲ್ಲಿ ಯಂತ್ರ ಸಿಗಬೇಕಲ್ಲ! ಹೋದ ವರ್ಷ ನಾನು ಯಂತ್ರಕ್ಕೆ ಕಾಯುತ್ತಿರುವಾಗಲೇ ಪಕ್ಕದ ಹೊಲದ ಬೆಂಕಿ ಬದು ದಾಟಿ ಬಂತು, ನನ್ನ ರವದಿಯೂ ಉರಿದುಹೋಯಿತು.

ಈ ಹಂಗಾಮಿಗೆ ಮುನ್ನ ಕಾರ್ಖಾನೆಯವರನ್ನು ದರದ ಮಾತಿಗೆ ಕರೆದಾಗ ಇದನ್ನೂ ಎತ್ತಿ. ಕಟಾವಿನ ಬೆನ್ನಿಗೇ ರವದಿ ಯಂತ್ರ ಕಳಿಸುವುದು ಕಾರ್ಖಾನೆಯ ಹೊಣೆಯಾಗಲಿ. ಸುಡದ ಕಬ್ಬು ಕಡಿದ ಗ್ಯಾಂಗಿಗೆ ಟನ್ನಿಗಿಷ್ಟು ಹೆಚ್ಚು ಕೂಲಿ ಕೊಡಿಸಿ, ಅದು ರೈತನ ಬಿಲ್ಲಿನಿಂದ ಮುರಿಯದಂತೆ ನೋಡಿಕೊಳ್ಳಿ. ಹೇಳಿದ ದಿನಕ್ಕೆ ಕಟಾವು ಮಾಡದ ಕಾರ್ಖಾನೆಗೆ ಸುಟ್ಟ ಕಬ್ಬಿನ ಕಡಿತ ಹಾಕುವ ಹಕ್ಕು ಇರಬಾರದು.

ತಮ್ಮ ವಿಶ್ವಾಸಿ,
ಅಥಣಿ ತಾಲ್ಲೂಕಿನ ಒಬ್ಬ ಕಬ್ಬು ಬೆಳೆಗಾರ