ಗಾಜಿನ ಕಣ್ಣು, ಕಬ್ಬಿಣದ ಕಣ್ಣು

1939ರ ನವೆಂಬರ್ 30ರಂದು ಸೋವಿಯತ್ ಸೇನೆ ಫಿನ್ಲೆಂಡಿನ ಗಡಿಯನ್ನು ದಾಟಿದಾಗ ಅದನ್ನು ಎದುರಿಸಲು ಹೊರಟವರಲ್ಲಿ ಸಿಮೊ ಹಾಯ್ಹಾ ಎಂಬ ಕುಳ್ಳ ರೈತನೊಬ್ಬನಿದ್ದ. ನೂರು ದಿನ ತುಂಬುವುದರೊಳಗೆ ಆತ ಐನೂರಕ್ಕೂ ಹೆಚ್ಚು ಶತ್ರುಗಳನ್ನು ಕೆಡವಿದನೆಂದು ಪ್ರತೀತಿ. ಆ ಲೆಕ್ಕ ಹೇಗೇ ಇರಲಿ, ಬಂದೂಕು ಬಲ್ಲವರು ಇಂದಿಗೂ ಬೆರಗಾಗುವುದು ಬೇರೊಂದು ಸಂಗತಿಗೆ: ಆತನ ರೈಫಲಿನ ಮೇಲೆ ದೂರದರ್ಶಕವಿರಲಿಲ್ಲ. ಆ ಘೋರ ಚಳಿಯಲ್ಲಿ ಗಾಜು ಉಸಿರಿಗೆ ಮಂಜುಗಟ್ಟುತ್ತದೆ. ಬಿಸಿಲು ತಾಗಿದರೆ ಮಿಂಚಿ ಅಡಗಿರುವವನ ನೆಲೆಯನ್ನು ತೋರಿಸಿಕೊಡುತ್ತದೆ. ಅದರೊಳಗೆ ನೋಡಲು ತಲೆಯನ್ನು ತುಸು ಮೇಲೆತ್ತಬೇಕಾಗುತ್ತದೆ. ಆ ಎರಡಂಗುಲದ ಎತ್ತರವೇ ಪ್ರಾಣಕ್ಕೆ ಎರವಾಗಬಹುದೆಂದು ಹಾಯ್ಹಾ ಬಲ್ಲವನಾಗಿದ್ದ.

ಕಬ್ಬಿಣದ ಗುರಿಯ ಏರ್ಪಾಡು ತೀರ ಸರಳ. ಕಣ್ಣಿನ ಬಳಿ ಒಂದು ಕಚ್ಚು ಅಥವಾ ಸಣ್ಣ ರಂಧ್ರ, ನಳಿಗೆಯ ತುದಿಯಲ್ಲೊಂದು ಮೊಳೆ, ಅದರಾಚೆ ಗುರಿ. ಮೂರೂ ಒಂದೇ ಗೆರೆಗೆ ಬಂದಾಗ ಕುದುರೆಯನ್ನು ಎಳೆಯುವುದು. ಹೇಳಲು ಸುಲಭ, ಮಾಡಲು ಕಷ್ಟ. ಮನುಷ್ಯನ ಕಣ್ಣು ಏಕಕಾಲದಲ್ಲಿ ಮೂರು ದೂರಗಳನ್ನು ಸ್ಪಷ್ಟವಾಗಿ ಕಾಣಲಾರದು. ಆದುದರಿಂದಲೇ ಸೈನಿಕನಿಗೆ ಮುಂದಿನ ಮೊಳೆಯ ಮೇಲೆ ದೃಷ್ಟಿಯಿಡೆಂದು ಕಲಿಸುತ್ತಾರೆ. ಗುರಿ ಮಸುಕಾದರೂ ಚಿಂತೆಯಿಲ್ಲ. ನಲವತ್ತು ದಾಟಿ, ಪತ್ರಿಕೆಯನ್ನು ಕೈಚಾಚಿ ಹಿಡಿದು ಓದುವ ಗೃಹಸ್ಥರಿಗೆ ಆ ಮೊಳೆಯೂ ಮಸುಕಾಗುತ್ತದೆ ಎಂಬುದು ಬೇರೆ ಮಾತು. ಕತ್ತಲಲ್ಲಂತೂ ಯಾರಿಗೂ ಕಾಣದು. ತೇಜಸ್ವಿಯವರ ಬರಹದ ಮೂಲಕ ಕನ್ನಡಿಗರಿಗೆ ಆತ್ಮೀಯನಾದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ತನ್ನ ವಿಂಚೆಸ್ಟರ್ ರೈಫಲಿಗೆ ಟಾರ್ಚನ್ನು ಬಿಗಿದುಕೊಂಡು ನರಭಕ್ಷಕಗಳಿಗಾಗಿ ಕಾದದ್ದು ಸುಮ್ಮನೆ ಅಲ್ಲ.

ಗಾಜಿನ ಕಣ್ಣು ಈ ಕಷ್ಟಗಳನ್ನೆಲ್ಲ ಕಳೆಯಿತು. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿಯೇ ಉದ್ದನೆಯ ದೂರದರ್ಶಕಗಳನ್ನು ರೈಫಲುಗಳಿಗೆ ಜೋಡಿಸಿದ್ದರು. ಆದರೆ ಅವು ಬಲು ನಾಜೂಕು. ಸಾಮಾನ್ಯ ಸೈನಿಕನ ಕೈಗೆ ಕೊಡುವಂತಿರಲಿಲ್ಲ. ಆಸ್ಟ್ರಿಯದ ಸೇನೆ 1977ರಲ್ಲಿ ದೂರದರ್ಶಕವನ್ನೇ ಅಂಗವಾಗಿ ಪಡೆದ ಸ್ಟೈರ್ ರೈಫಲನ್ನು ಸ್ವೀಕರಿಸಿತು. 1985ರಲ್ಲಿ ಬ್ರಿಟನ್ನಿನ ಹೊಸ ರೈಫಲೂ ನಾಲ್ಕು ಪಟ್ಟು ಹಿಗ್ಗಿಸಿ ತೋರುವ ದರ್ಶಕದೊಡನೆ ಬಂದಿತು. ಸ್ವಾರಸ್ಯವೆಂದರೆ, ಎರಡರಲ್ಲಿಯೂ ದರ್ಶಕದ ನೆತ್ತಿಯ ಮೇಲೆ ಒಂದು ಪುಟ್ಟ ಕಬ್ಬಿಣದ ಗುರಿ ಕುಳಿತಿತ್ತು. ತಯಾರಿಸಿದವರಿಗೇ ತಮ್ಮ ಗಾಜಿನ ಮೇಲೆ ಪೂರ್ಣ ಭರವಸೆ ಇರಲಿಲ್ಲವೆಂದು ತೋರುತ್ತದೆ.

ಈಗ ಕಾಲ ಬದಲಾಗಿದೆ. 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಗಾಜಿನೊಳಗೆ ಕೆಂಪು ಚುಕ್ಕೆಯೊಂದನ್ನು ತೇಲಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಎರಡೂ ಕಣ್ಣು ತೆರೆದು, ಚುಕ್ಕೆಯನ್ನು ಗುರಿಯ ಮೇಲಿಟ್ಟರೆ ಆಯಿತು. ಅದರ ಮುಂದಿನ ಪೀಳಿಗೆಯ ಒಂದು ಮಾದರಿ ಒಂದೇ ಬ್ಯಾಟರಿಯಿಂದ ಎಂಟು ವರ್ಷ ಎಡೆಬಿಡದೆ ಬೆಳಗುವುದೆಂದು ತಯಾರಕರು ಹೇಳುತ್ತಾರೆ. ಬ್ಯಾಟರಿಯೇ ಬೇಡದೆ, ಹಗಲು ಬೆಳಕಿನಿಂದಲೂ ರಾತ್ರಿ ಟ್ರಿಟಿಯಂ ಎಂಬ ಅನಿಲದಿಂದಲೂ ಬೆಳಗುವ ದರ್ಶಕಗಳೂ ಉಂಟು. ಇಷ್ಟು ಗಟ್ಟಿಯಾದ ಮೇಲೂ ಕಬ್ಬಿಣದ ಹಳೆಯ ಗುರಿಯನ್ನು ಹೊರುವುದೇಕೆ ಎಂದು ಹಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೆ.

ಉತ್ತರದ ಒಂದು ಭಾಗ ನ್ಯಾಯಾಲಯದ ಕಡತದಲ್ಲಿದೆ. ಎಲ್-3 ಎಂಬ ಅಮೆರಿಕದ ಸಂಸ್ಥೆ ಸೈನ್ಯಕ್ಕೂ ಪೊಲೀಸರಿಗೂ ಒದಗಿಸಿದ ಈಯೋಟೆಕ್ ದರ್ಶಕಗಳಲ್ಲಿ, ಕಡು ಚಳಿ ಅಥವಾ ಕಡು ಸೆಕೆ ತಾಗಿದಾಗ ಗುರುತು ನಿಂತ ಕಡೆಗೆ ಗುಂಡು ಹೋಗುತ್ತಿರಲಿಲ್ಲ. ಈ ದೋಷವನ್ನು ಸಂಸ್ಥೆ ವರ್ಷಗಟ್ಟಲೆ ಮುಚ್ಚಿಟ್ಟಿತೆಂದು ಸರ್ಕಾರ ಆರೋಪಿಸಿತು. 2015ರ ನವೆಂಬರಿನಲ್ಲಿ 2 ಕೋಟಿ 56 ಲಕ್ಷ ಡಾಲರು ತೆತ್ತು ಸಂಸ್ಥೆ ಮೊಕದ್ದಮೆಯನ್ನು ಬಗೆಹರಿಸಿಕೊಂಡಿತು. ಇಲ್ಲಿ ಗಾಜು ಒಡೆದಿರಲಿಲ್ಲ, ಬೆಳಕು ಆರಿರಲಿಲ್ಲ. ಒಡೆದ ಗಾಜು ತಾನು ಒಡೆದೆನೆಂದು ಹೇಳುತ್ತದೆ. ಸರಿದ ಚುಕ್ಕೆ ಏನನ್ನೂ ಹೇಳದು. ಅದನ್ನು ನಂಬಿ ಬಾಗಿಲೊಳಗೆ ನುಗ್ಗುವ ಸೈನಿಕನ ಪಾಡೇನು? ಗಾಜಿನ ಮೂಲಕವೇ ಕಾಣುವಂತೆ ಕಬ್ಬಿಣದ ಗುರಿಯನ್ನೂ ನಿಲ್ಲಿಸಿದ್ದರೆ ಮೊಳೆಯೂ ಚುಕ್ಕೆಯೂ ಒಂದೆಡೆ ಕೂಡುತ್ತಿಲ್ಲವೆಂಬುದು ಆತನಿಗೆ ತಿಳಿಯುತ್ತದೆ. ಅದು ಬದಲಿ ಸಾಧನ ಮಾತ್ರವಲ್ಲ, ಸಾಕ್ಷಿಯೂ ಹೌದು. ಈ ಗುಣವನ್ನು ವಾದಿಸುವವರು ಸಾಮಾನ್ಯವಾಗಿ ಮರೆಯುತ್ತಾರೆ.

ಕಾಕತಾಳೀಯವೆಂಬಂತೆ, ಅದೇ 2015ರಲ್ಲಿ ಅಮೆರಿಕದ ನೌಕಾ ವಿದ್ಯಾಲಯ, 1998ರಲ್ಲಿ ಕೈಬಿಟ್ಟಿದ್ದ ನಕ್ಷತ್ರ ನೋಡಿ ದಾರಿ ಹಿಡಿಯುವ ಪಾಠವನ್ನು ಮತ್ತೆ ಆರಂಭಿಸಿತು. ಉಪಗ್ರಹಗಳ ಸಂಕೇತ ಕೈಕೊಟ್ಟರೆ ಹಡಗು ದಾರಿ ತಪ್ಪಬಾರದಲ್ಲ!

ಹಾಗೆಂದು ಎಲ್ಲ ರೈಫಲಿಗೂ ಎರಡು ಕಣ್ಣು ಬೇಕೆಂದಿಲ್ಲ. ದೂರದ ಜಿಂಕೆಗೆ ಗುರಿಯಿಡುವ ಪಾಶ್ಚಾತ್ಯ ಬೇಟೆಗಾರನ ದರ್ಶಕ ಕೆಟ್ಟರೆ ಜಿಂಕೆ ಬದುಕಿತು, ಅಷ್ಟೆ. ಅಂತಹ ಅನೇಕ ರೈಫಲುಗಳು ಕಾರ್ಖಾನೆಯಿಂದಲೇ ಕಬ್ಬಿಣದ ಗುರಿಯಿಲ್ಲದೆ ಬರುತ್ತವೆ. ಆಫ್ರಿಕದಲ್ಲಿ ಕಾಡೆಮ್ಮೆಯ ಬೆನ್ನುಹತ್ತುವವನು ಮಾತ್ರ ಅದನ್ನು ಬಿಡಲಾರ. ಹತ್ತು ಮಾರಿನಿಂದ ಎರಗಿ ಬರುವ ಪ್ರಾಣಿ ದೂರದರ್ಶಕದೊಳಗೆ ಬರಿಯ ಕಪ್ಪು ಕೂದಲಾಗಿ ಕಾಣುತ್ತದೆ. ಸೈನಿಕನ ಪಾಡೂ ಇಂಥದೇ. ಕೆಸರು, ಮಳೆ, ಬದಲಿಸಲು ಮರೆತ ಬ್ಯಾಟರಿ—ಇವು ಯಾವ ಗಟ್ಟಿತನಕ್ಕೂ ಮಣಿಯವು. ಮಡಿಸಿಡುವ ಜೋಡಿ ಗುರಿಯ ತೂಕವಾದರೂ ಇನ್ನೂರು ಗ್ರಾಮಿನೊಳಗೆ.

ಆದರೆ ಒಂದು ಕರಾರು. ಹಿಗ್ಗಿಸಿ ತೋರುವ ದರ್ಶಕವಿದ್ದರೆ ಅದರ ಮೂಲಕ ಕಬ್ಬಿಣದ ಗುರಿ ಕಾಣದು. ಅದನ್ನು ಓರೆಯಾಗಿ ಪಕ್ಕಕ್ಕೆ ಜೋಡಿಸಿ, ರೈಫಲನ್ನು ವಾಲಿಸಿ ನೋಡಬೇಕು. ಎಲ್ಲಿ ಜೋಡಿಸಿದರೂ ಆ ಗುರಿಯಿಂದಲೇ ಗುಂಡು ಹಾರಿಸಿ, ತಿರುಪುಗಳನ್ನು ತಿರುಗಿಸಿ, ಅದನ್ನು ಹದಕ್ಕೆ ತಂದಿರಬೇಕು. ಅಂಗಡಿಯಿಂದ ತಂದು ಸಿಕ್ಕಿಸಿ, ಒಮ್ಮೆಯೂ ಅದರೊಳಗೆ ನೋಡದೆ ವರ್ಷಗಟ್ಟಲೆ ಹೊತ್ತು ತಿರುಗುವವರೇ ಹೆಚ್ಚು.